ಮತ್ತೆ ರೀಲು ಹಾಕಿದವರು

ಫೋಟೋ ತೆಗೆಯುವಾಗ ಅವರು ಯಾರಿಗೂ ‘ಸ್ವಲ್ಪ ನಗಿ’ ಎಂದು ಹೇಳಿದ್ದನ್ನು ನಾನು ಕೇಳಿದ್ದೇ ಇಲ್ಲ. ಕ್ಯಾಮೆರಾದ ಹಿಂದೆ ನಿಂತು, “ಬೆಳಗ್ಗೆ ಏನ್ ತಿಂದ್ರಿ?” ಎಂದು ಕೇಳುತ್ತಿದ್ದರು. ಸ್ಟುಡಿಯೋಗೆ ಬಂದು ಗೋಡೆಗೆ ಮೊಳೆ ಹೊಡೆದ ಹಾಗೆ ಕುಳಿತವರಿಗೆ ಈ ಪ್ರಶ್ನೆಯಿಂದ ಗಲಿಬಿಲಿ. “ರೊಟ್ಟಿ ಸಾರ್, ಉಚ್ಚೆಳ್ ಚಟ್ನಿ” ಎಂದೋ, “ಏನೂ ಇಲ್ಲ ಸಾರ್, ಮೊದಲ ಬಸ್ಸಿಗೆ ಬಂದ್ಬುಟ್ಟೆ” ಎಂದೋ ಹೇಳುತ್ತಿದ್ದರು. ಉತ್ತರ ಮುಗಿದು ಅರೆ ಗಳಿಗೆ ಕಳೆದ ಮೇಲೆ ಕ್ಲಿಕ್.

“ಮಾತಾಡ್ತಾ ಇರುವಾಗ ತೆಗೀಬಾರ್ದು ಕಣವ್ವ, ಬಾಯಿ ಸೊಟ್ಟ ಬತ್ತದೆ. ಮಾತು ಮುಗುದ್ ಮೇಲೆ ಮನುಷ್ಯ ಒಂದ್ ಗಳಿಗೆ ಅವನ ಮನೇಲಿರ್ತಾನೆ. ಆಗ ತೆಗೀಬೇಕು” ಎಂದು ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಹೇಳಿಕೊಟ್ಟಿದ್ದರು.

ಅವರು ತೀರಿಕೊಂಡು ಒಂದು ವರ್ಷ ಕಳೆಯಿತು. ಹೆಸರು ಬರೆಯುವುದಿಲ್ಲ. ಹುಣಸೂರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ಊರಿಗೆಲ್ಲ ಅವರು ‘ಸ್ಟುಡಿಯೋದವರು’, ನನಗೆ ‘ಸಾರ್’. ತೆಳ್ಳನೆಯ ಆಳು. ತುಂಬು ತೋಳಿನ ಬಿಳಿ ಅಂಗಿ ಹಾಕಿದರೂ ಬಲಗೈ ತೋಳನ್ನು ಮಾತ್ರ ಮೊಣಕೈತನಕ ಮಡಿಸುತ್ತಿದ್ದರು. ಹಿಂದೆ ಡಾರ್ಕ್ ರೂಮಿನಲ್ಲಿ ಫೋಟೋ ತೊಳೆಯುವಾಗ ಆ ಕೈಯನ್ನು ದ್ರಾವಣದ ತಟ್ಟೆಯಲ್ಲಿ ಅದ್ದಬೇಕಿತ್ತಂತೆ. ನಾನು ಸೇರುವ ಹೊತ್ತಿಗೆ ಆ ತಟ್ಟೆಗಳೂ ಇರಲಿಲ್ಲ, ಡಾರ್ಕ್ ರೂಮೂ ಇರಲಿಲ್ಲ. ತೋಳು ಮಡಿಸುವುದು ಮಾತ್ರ ಉಳಿದಿತ್ತು.

ಆ ಡಾರ್ಕ್ ರೂಮೇ ನನ್ನ ಕೆಲಸದ ಕೋಣೆಯಾಗಿತ್ತು. ಪಿರಿಯಾಪಟ್ಟಣದ ರಸ್ತೆಯ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದವಳು ನಾನು. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಮಗಳು ಶಾಲೆಗೆ ಸೇರಿದ ಮೇಲೆ ಹುಣಸೂರಿಗೆ ಬಂದು ಕಂಪ್ಯೂಟರ್ ಕಲಿತೆ. ಆಗಷ್ಟೇ ಅವರು ರೀಲಿನ ಕ್ಯಾಮೆರಾ ಎತ್ತಿಟ್ಟು ಡಿಜಿಟಲ್ ಕೊಂಡಿದ್ದರು. ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಲು ಒಬ್ಬರು ಬೇಕಾಗಿತ್ತು. ಹಳೆಯ ಕಾಲದವರು, ಗೊಣಗಿಕೊಂಡು ಹೊಸದಕ್ಕೆ ಬಂದಿರಬಹುದು ಎಂದುಕೊಂಡಿದ್ದೆ. ಹಾಗಿರಲಿಲ್ಲ. ಊರಿಗೆ ಮೊದಲು ಡಿಜಿಟಲ್ ತಂದವರೇ ಅವರು. “ಇಪ್ಪತ್ತೈದು ವರ್ಷ ಕತ್ಲೇಲಿ ಫೋಟೋ ತೊಳ್ಯೋ ಹೈಪೋ ವಾಸನೆ ಕುಡ್ದಿವ್ನಿ. ಇನ್ನು ಬೆಳಕಲ್ಲಿ ಕೂತ್ಕೊಂಡು ಕೆಲ್ಸ ಮಾಡೋಣ ಕಣವ್ವ” ಎಂದು ಮಗುವಿನ ಹಾಗೆ ಸಂಭ್ರಮಪಟ್ಟಿದ್ದರು.

ಮದುವೆ ಆಲ್ಬಮ್ಮುಗಳು ರಾಶಿ ರಾಶಿ. ಹೆಣ್ಣಿನ ಹಿಂದೆ ಕಂಡು ಕೇಳರಿಯದ ಜಲಪಾತ ಇಡುತ್ತಿದ್ದೆ, ಗಂಡಿನ ತಲೆಯ ಮೇಲೆ ಗುಲಾಬಿ ಸುರಿಸುತ್ತಿದ್ದೆ. ಮುಖಗಳನ್ನು ಬೆಳ್ಳಗೆ ಮಾಡುವುದಂತೂ ಕೈಗೆ ಅಂಟಿಹೋಗಿತ್ತು. ಅವರೇ ಹಿಂದೆ ನಿಂತು “ಇನ್ನೊಸಿ ಬೆಳ್ಳಗೆ ಮಾಡು, ಜನ ಅದ್ನೇ ಕೇಳಾದು” ಎನ್ನುತ್ತಿದ್ದರು. ಕಂಪ್ಯೂಟರ್ ತುಂಬಿಹೋದಾಗಲೆಲ್ಲ ಮೂರು ವರ್ಷ ದಾಟಿದ ಫೋಟೋಗಳನ್ನು ಅಳಿಸುತ್ತಿದ್ದೆ. “ಆಲ್ಬಮ್ ಕೊಟ್ಟಾಯ್ತಲ್ಲ, ಇನ್ಯಾಕೆ? ಅಳ್ಸು” ಎನ್ನುತ್ತಿದ್ದರು. ಒಂದು ಗುಂಡಿ ಒತ್ತಿದರೆ ಹತ್ತು ಮದುವೆ ಮಾಯ. ಹತ್ತು ಹನ್ನೊಂದು ವರ್ಷ ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಎಚ್.ಡಿ. ಕೋಟೆ ರಸ್ತೆಯ ಹಳ್ಳಿಯೊಂದರಿಂದ ಒಬ್ಬಳು ಹೆಂಗಸು ಬಂದಳು. ನನ್ನದೇ ವಯಸ್ಸು. ತಾಯಿ ತೀರಿಕೊಂಡು ನಾಲ್ಕು ದಿನ. ಹನ್ನೊಂದನೆಯ ದಿನಕ್ಕೆ ಚೌಕಟ್ಟು ಹಾಕಿಸಿ ಇಡಲು ಒಂದು ಫೋಟೋ ಬೇಕಿತ್ತು. ಅವಳ ಅಣ್ಣನ ಮದುವೆಯ ಫೋಟೋ ತೆಗೆದವರು ನಾವೇ. ಆಲ್ಬಮ್ಮನ್ನು ಸೀರೆಯಲ್ಲಿ ಸುತ್ತಿ ತಂದಿದ್ದಳು.

“ಇದ್ರಾಗೆ ಅವ್ವ ಎಲ್ಲೂ ಸರಿಯಾಗಿಲ್ಲ ಸಾರ್. ಇಲ್ನೋಡಿ, ಕಳಸದ ಹಿಂದೆ ಅರ್ಧ ಮುಖ. ಇಲ್ಲಿ ಬೆನ್ನು. ಆಲ್ಬಮ್ಮಿಗೆ ಹಾಕ್ದೆ ಬುಟ್ಟಿರೋವು ನಿಮ್ಮ ಕಂಪ್ಯೂಟ್ರಲ್ಲಿ ಇರ್ತವಂತಲ್ಲ? ಒಂದೇ ಒಂದು ಮುಖ ಸಿಕ್ಕುದ್ರೆ ಸಾಕು.”

ಅವರು ನನ್ನ ಕಡೆ ನೋಡಿದರು. ನಾನು ಕಂಪ್ಯೂಟರಿನ ಕಡೆ ನೋಡಿದೆ. ಅದನ್ನು ಅಳಿಸಿ ಎರಡು ವರ್ಷವಾಗಿತ್ತು. ಇಬ್ಬರಿಗೂ ಅದು ಗೊತ್ತಿತ್ತು.

“ಇಲ್ಲ ಕಣಮ್ಮ” ಎಂದರು. ಅವಳು ಎದ್ದು ಹೋಗಲಿಲ್ಲ. ಬೆಂಚಿನ ಮೇಲೆ ಆಲ್ಬಮ್ ತೊಡೆಗಿಟ್ಟುಕೊಂಡು ಹಾಗೇ ಕೂತಳು. ಅಳುವುದಿಲ್ಲ, ಜಗಳವಾಡುವುದಿಲ್ಲ. ಆಮೇಲೆ ತಾನೇ ಸಮಾಧಾನ ಮಾಡುವವಳಂತೆ, “ಓಗ್ಲಿ ಬುಡಿ ಸಾರ್, ನಮ್ಮವ್ವಂಗೆ ಫೋಟೋ ಅಂದ್ರೆ ಆಗ್ತಿರ್ಲಿಲ್ಲ. ಒಂದೇ ಒಂದ್ಸಲ ಬ್ಯಾಂಕ್ ಪುಸ್ತಕಕ್ಕೆ ಅಂತ ಹುಣಸೂರಿಗೆ ಬಂದು ತೆಗ್ಸಿತ್ತಂತೆ, ನಾನಿನ್ನೂ ಕೈಕೂಸು. ಆ ಪುಸ್ತಕಾನೂ ಈಗಿಲ್ಲ” ಎಂದಳು.

ಅವರು ತಟ್ಟನೆ ಎದ್ದರು. “ಆಗ ಊರಲ್ಲಿ ಇದ್ದುದ್ದು ನನ್ನದೊಂದೇ ಸ್ಟುಡಿಯೋ” ಎಂದು ಅಟ್ಟಕ್ಕೆ ಏಣಿ ಹಾಕಿದರು.

ಅಟ್ಟದ ಮೇಲೆ ಹಳೆಯ ನೆಗೆಟಿವ್‌ಗಳ ಟ್ರಂಕುಗಳಿದ್ದವು. ಮೊದಲು ಆರಿದ್ದವಂತೆ. ಡಿಜಿಟಲ್ ಬಂದ ವರ್ಷ, ಫಿಲ್ಮಿನಿಂದ ಬೆಳ್ಳಿ ತೆಗೆಯುವ ಮೈಸೂರಿನ ಗುಜರಿಯವನೊಬ್ಬನಿಗೆ ಮೂರನ್ನು ಕೊಟ್ಟುಬಿಟ್ಟಿದ್ದರು. ಅವನು ಉಳಿದವಕ್ಕೆ ಬರುತ್ತೇನೆಂದವನು ಬರಲಿಲ್ಲ, ಅದರಿಂದ ಉಳಿದುಕೊಂಡವು. ಲಕೋಟೆಗಳ ಮೇಲೆ ಊರಿನ ಹೆಸರು ಬರೆದಿತ್ತು. ಎರಡು ದಿನ ಇಬ್ಬರೂ ಕೂತು ಒಂದೊಂದೇ ಪಟ್ಟಿಯನ್ನು ಬೆಳಕಿಗೆ ಹಿಡಿದೆವು. ಮೂರನೆಯ ದಿನ ಅವರು ಒಂದು ಪಟ್ಟಿ ಹಿಡಿದು ಬಹಳ ಹೊತ್ತು ನೋಡಿ ನನ್ನ ಕೈಗೆ ಕೊಟ್ಟರು. ಕಪ್ಪು ಬಿಳುಪು ತಿರುಗುಮುರುಗಾದ ಚಿಕ್ಕ ಚೌಕದಲ್ಲಿ ಒಬ್ಬಳು ಹೆಂಗಸು, ಅವಳ ತೊಡೆಯ ಮೇಲೊಂದು ಕೂಸು.

“ನೆಪ್ಪಿಗೆ ಬಂತು. ಕೂಸು ತಾಯಿನ ಬುಡಾಕೇ ಒಪ್ಲಿಲ್ಲ. ಬಲವಂತ ಯಾಕೆ ಅಂತ ಅಂಗೇ ತೆಗುದು, ಆಮೇಲೆ ಪಾಸ್‌ಬುಕ್ಕಿಗೆ ಮುಖ ಮಾತ್ರ ಪ್ರಿಂಟ್ ಹಾಕ್ಕೊಟ್ಟೆ.”

ಪ್ರಿಂಟ್ ಹಾಕಲು ಹಳೆಯ ಸಲಕರಣೆಗಳೊಂದೂ ಉಳಿದಿರಲಿಲ್ಲ. ನಾನೇ ಆ ನೆಗೆಟಿವ್ ಅನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳುಪಾಗಿಸಿ ದೊಡ್ಡದಾಗಿ ಅಚ್ಚು ಹಾಕಿಸಿದೆ. ಆ ಹೆಂಗಸು ಬಂದು ನೋಡಿದಳು. ಮೊದಲು ತಾಯಿಯನ್ನು ನೋಡಿದಳು. ಆಮೇಲೆ ಬೆರಳು ಕೆಳಗಿಳಿಸಿ, “ಈ ಕೂಸು ಯಾರ್ದು?” ಎಂದಳು.

“ಕೈಕೂಸು ಅಂತ ನೀವೇ ಅಂದ್ರಲ್ಲ?” ಎಂದರು ಅವರು.

ತಾಯಿಯ ಮುಖ ಹುಡುಕಿಕೊಂಡು ಬಂದವಳು ತಾಯಿಯ ಮಡಿಲಲ್ಲಿ ತನ್ನನ್ನೇ ಕಂಡಳು. ಅವಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು. “ನೋಡಿ ಸಾರ್, ಎಂಗೆ ಸೆರಗ ಹಿಡ್ಕೊಂಡಿವ್ನಿ!” ಎಂದು ನಮಗೇ ತೋರಿಸಿದಳು.

ಅವಳು ಫೋಟೋ ತೆಗೆದುಕೊಂಡು ಹೋದಳು. ಸಂಜೆ ಸ್ಟುಡಿಯೋಗೆ ಬೀಗ ಹಾಕುವಾಗ ಅವರು ಹೇಳಿದರು: “ನಾವು ಜೋಪಾನ ಮಾಡಿದ್ದು ಒಂದೂ ಇಲ್ಲ ಕಣವ್ವ. ಬಿಸಾಕಿದ್ದು ಇಲಿ ಜೊತೆ ಅಟ್ಟದ ಮೇಲೆ ಕಣ್ ಬುಟ್ಕೊಂಡು ಕೂತಿತ್ತು.”

ಮುಂದಿನ ವಾರವೇ, ಮತ್ತೆ ರೀಲಿನ ಕ್ಯಾಮೆರಾ ಹಿಡಿಯುತ್ತೇನೆ, ನಿನ್ನ ಕೋಣೆಯನ್ನು ಡಾರ್ಕ್ ರೂಮ್ ಮಾಡಬೇಕು, ಕಂಪ್ಯೂಟರ್ ಹೊರಗಿಡು ಎಂದರು. ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಭಯವೂ ಆಯಿತು. ಕಂಪ್ಯೂಟರ್ ಇರುವುದರಿಂದ ನಾನಿದ್ದೇನೆ. ಅದೇ ಬೇಡವಾದರೆ ನಾನು ಯಾಕೆ?

“ಊರೆಲ್ಲ ಮುಂದಕ್ಕೆ ಹೋಗ್ತಿರುವಾಗ ನೀವೊಬ್ರು ಹಿಂದಕ್ಕೆ ಹೋಗ್ತೀರಲ್ಲ ಸಾರ್” ಎಂದೆ.

“ಹಿಂದಕ್ಕೆ ಓಗ್ತಿಲ್ಲ. ಅರ್ಧ ದಾರಿ ನಡುದ್ ಮೇಲೆ ಕೊಡೆ ಮರ್ತು ಬಂದಿವ್ನಿ ಅಂತ ಗೊತ್ತಾದ್ರೆ ತಿರುಗಿ ಓಗಲ್ವಾ? ಕೊಡೆ ತಕೊಂಡು ಮತ್ತೆ ಇದೇ ದಾರೀಲೇ ಬತ್ತೀನಿ” ಎಂದರು. ಮದುವೆಗಳೆಲ್ಲ ಡಿಜಿಟಲ್ಲಿನಲ್ಲೇ ನಡೆಯಲಿ, ಭಾನುವಾರ ಮಾತ್ರ ನಾವು ಫೋಟೋ ಅಳಿಸಿದ ಊರುಗಳಿಗೆ ಹೋಗಿ ಅಲ್ಲಿನ ಹಿರಿಯರನ್ನು ರೀಲಿನಲ್ಲಿ ತೆಗೆಯುವುದು ಎಂದು ಒಪ್ಪಂದವಾಯಿತು. ಆದರೂ ಕಂಪ್ಯೂಟರ್ ಹೊತ್ತು ಮುಂದಿನ ಕೋಣೆಗೆ ತಂದ ದಿನ ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ನೆಗೆಟಿವ್‌ನಿಂದ ದೊಡ್ಡ ಫೋಟೋ ಮಾಡುವ ಯಂತ್ರವನ್ನು ಅವರು ಕೆ.ಆರ್. ನಗರದ ಗೆಳೆಯರೊಬ್ಬರಿಗೆ ಕೊಟ್ಟುಬಿಟ್ಟಿದ್ದರು. ಆ ಗೆಳೆಯರೂ ಸ್ಟುಡಿಯೋ ಇಟ್ಟಿದ್ದು, ಆಮೇಲೆ ಮುಚ್ಚಿದವರು. ಅದನ್ನು ತರಲು ಹೋದಾಗ ನನ್ನನ್ನೂ ಕರೆದುಕೊಂಡು ಹೋದರು.

“ಏನ್ಲಾ, ಉಚ್ಚು ಗಿಚ್ಚು ಇಡುದದಾ ನಿಂಗೆ?” ಎಂದರು ಗೆಳೆಯರು. “ಕಂಬ, ಲೆನ್ಸು ಎಲ್ಲ ಕೊಟ್ಟಿಗೇಲಿ ಅವೆ, ತಕೊಂಡೋಗು. ಆದ್ರೆ ಕೆಳಗಿನ ಹಲಗೆ ನಮ್ಮೋಳು ಕೊಡಾಕಿಲ್ಲ ಕಣ್ಲಾ. ಹತ್ತು ವರ್ಷದಿಂದ ಅದ್ರ ಮ್ಯಾಲೇ ರೊಟ್ಟಿ ತಟ್ತಾವ್ಳೆ.”

ಇವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಆ ತಾಯಿಯನ್ನು ಬಹಳ ವಿನಯದಿಂದ ಕೇಳಿಕೊಂಡರು. ಆಕೆ, “ರೊಟ್ಟಿ ಇದ್ರಷ್ಟು ತೆಳ್ಳಗೆ ಇನ್ಯಾವುದ್ರ ಮೇಲೂ ಬರಲ್ಲ ಕಣ್ರೀ” ಎಂದು ಗೊಣಗುತ್ತಲೇ ತೊಳೆದು ಒರೆಸಿ ಕೊಟ್ಟರು. ಬಸ್ಸಿನಲ್ಲಿ ಅದನ್ನೆಲ್ಲ ಗೋಣಿಯಲ್ಲಿ ಸುತ್ತಿ ಇಬ್ಬರ ನಡುವೆ ನಿಲ್ಲಿಸಿಕೊಂಡು ಬಂದೆವು. ಕಂಡಕ್ಟರು, “ಹೊಲಿಗೆ ಮೆಷಿನ್ನಾ ಸಾರ್?” ಎಂದ. “ಊಂ ಕಣಪ್ಪ, ಹರಿದೋಗ್ಯದೆ, ಒಸಿ ಹೊಲೀಬೇಕು” ಎಂದರು. ಅವತ್ತು ನನ್ನ ಸಿಟ್ಟು ಅರ್ಧ ಇಳಿಯಿತು.

ಉಳಿದರ್ಧ ಇಳಿದದ್ದು ಮೊದಲ ರೀಲು ಹಾಳಾದ ದಿನ.

ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಭಾನುವಾರ ಪೂರ್ತಿ ಕೂತು ಮೂವತ್ತಾರು ಮಂದಿ ಹಿರಿಯರ ಫೋಟೋ ತೆಗೆದಿದ್ದರು. ಒಬ್ಬೊಬ್ಬರಿಗೆ ಒಂದೇ ಚೌಕ. ಸೋಮವಾರ ಬೆಳಗ್ಗೆ ಡಾರ್ಕ್ ರೂಮಿಗೆ ಹೋಗಿ ರೀಲು ತೊಳೆದು ಹೊರಗೆ ತಂದರು. ಗಾಜಿನ ಹಾಗೆ ಖಾಲಿ. ಒಂದು ಮುಖವೂ ಇಲ್ಲ, ಒಂದು ಗೆರೆಯೂ ಇಲ್ಲ. ಮೊದಲು ಡೆವಲಪರ್ ಹಾಕಿದರೆ ಚಿತ್ರ ಮೂಡುತ್ತದೆ, ಆಮೇಲೆ ಹೈಪೋ ಹಾಕಿದರೆ ಅದು ನಿಲ್ಲುತ್ತದೆ. ಅವರು ಹೈಪೋವನ್ನೇ ಮೊದಲು ಹಾಕಿಬಿಟ್ಟಿದ್ದರು. ಮೂಡುವ ಮೊದಲೇ ಎಲ್ಲವೂ ತೊಳೆದುಹೋಗಿತ್ತು.

ಕಲಿಯುವವರೂ ಮಾಡದ ತಪ್ಪು ಅದು. ನಾನು ಬಾಟಲಿಗಳನ್ನು ನೋಡಿದೆ. ಎರಡರ ಮೇಲೂ ಅವರದೇ ದಪ್ಪ ಅಕ್ಷರದಲ್ಲಿ ಹೆಸರು ಬರೆದಿತ್ತು.

“ಸಾರ್, ಇದು ಓದಕ್ಕೆ ಆಗ್ತಿಲ್ವಾ ನಿಮಗೆ?”

ಅವರು ಬೆಂಚಿನ ಮೇಲೆ ಕುಳಿತರು. “ಎಡಗಣ್ಣು ಓಗಿ ವರ್ಷ ಆಯ್ತು. ಬಲಗಣ್ಣು ಓಗ್ತಾ ಅದೆ. ನರ ಒಣಗ್ತಾ ಅದಂತೆ. ಕಣ್ಣಿಗೆ ಔಷಧಿ ಬುಟ್ಕೊಂಡ್ರೆ ಒಸಿ ದಿನ ತಡೀತದೆ, ವಾಪಸ್ ಬರಾಕಿಲ್ಲ ಅಂದವ್ರೆ ಮೈಸೂರ್ ಡಾಕ್ಟ್ರು. ಮನೇಲೂ ಯೋಳಿಲ್ಲ.”

ಇಷ್ಟು ದಿನ ಮುದುಕರ ಚಪಲ ಎಂದುಕೊಂಡದ್ದಕ್ಕೆ ನಾಚಿಕೆಯಾಯಿತು. ಕಣ್ಣು ಹೋಗುವ ಮುಂಚೆ ಈ ಕೆಲಸ ಮುಗಿಸಬೇಕೆಂದು ಅವರು ಓಡುತ್ತಿದ್ದರು. ನಾನು ಕಂಪ್ಯೂಟರಿನ ಜಾಗಕ್ಕೆ ಮುಖ ಊದಿಸಿಕೊಂಡಿದ್ದೆ.

“ಆ ಮೂವತ್ತಾರು ಜನಕ್ಕೆ ಏನ್ ಹೇಳೋದು ಸಾರ್?”

“ಏನ್ ಯೋಳೋದು? ಆದದ್ದನ್ನೇ ಯೋಳೋದು.”

ಮುಂದಿನ ಭಾನುವಾರ ಅದೇ ಹಳ್ಳಿಗೆ ಹೋದೆವು. ಅರಳಿಕಟ್ಟೆಯ ಮುಂದೆ ನಿಂತು, “ನಿಮ್ ಫೋಟೋ ಎಲ್ಲ ನನ್ ಕೈಯಿಂದ ಕೆಟ್ಟೋಯ್ತು. ತಪ್ಪು ನಂದೇ. ಇನ್ನೊಂದ್ಸಲ ಕೂತ್ಕೊಳಿ” ಎಂದರು. ಯಾರೂ ಬೇಸರಪಡಲಿಲ್ಲ. ಒಬ್ಬ ಯಜಮಾನರಂತೂ, “ಒಳ್ಳೇದಾಯ್ತು ಬುಡಿ, ಓದ್ ವಾರ ಗಡ್ಡ ಕೆರ್ಕೊಂಡಿರ್ಲಿಲ್ಲ” ಎಂದು ಹೊಸ ಪಂಚೆ ಉಟ್ಟು ಬಂದರು. ಆ ಬಾರಿ ಡೆವಲಪರ್ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ಹೈಪೋಗೆ ಎರಡು ಕಟ್ಟಿದ್ದೆವು. ರೀಲು ತೊಳೆದು ಬೆಳಕಿಗೆ ಹಿಡಿದಾಗ ಮೂವತ್ತಾರೂ ಮುಖಗಳಿದ್ದವು. ಅವರು ಅದನ್ನು ಬಲಗಣ್ಣಿನ ಹತ್ತಿರ ತಂದು ಒಂದೊಂದಾಗಿ ನೋಡುತ್ತ, ಪ್ರತಿಯೊಬ್ಬರಿಗೂ “ಬಂದ್ರಾ? ಬನ್ನಿ” ಎನ್ನುತ್ತಿದ್ದರು.

ಕ್ಯಾಮೆರಾದ ಕಿಂಡಿಯಲ್ಲಿ ನೋಡಿ ದೂರ ಹೊಂದಿಸುವುದು ಕಷ್ಟವಾಗುತ್ತ ಬಂದಾಗ ಅವರೊಂದು ಉಪಾಯ ಮಾಡಿದರು. ಸೆಣಬಿನ ದಾರವೊಂದಕ್ಕೆ ಮೊಳಕ್ಕೊಂದು ಗಂಟು ಹಾಕಿದರು. ದಾರದ ಒಂದು ತುದಿ ಕ್ಯಾಮೆರಾದ ಹತ್ತಿರ ಅವರ ಕೈಯಲ್ಲಿ, ಇನ್ನೊಂದು ತುದಿಯನ್ನು ಎದುರು ಕುಳಿತವರು ತಮ್ಮ ಮೂಗಿಗೆ ಹಿಡಿಯಬೇಕು. ನಡುವೆ ಎಷ್ಟು ಗಂಟು ಎಂದು ಬೆರಳಲ್ಲೇ ಎಣಿಸಿ ಲೆನ್ಸಿನ ಅಂಕಿ ತಿರುಗಿಸುತ್ತಿದ್ದರು. ಮೂಗಿಗೆ ದಾರ ಹಿಡಿದ ಮೇಲೆ ಯಾವ ಗಂಭೀರ ಗೌಡರೂ ಗಂಭೀರವಾಗಿ ಉಳಿಯಲು ಸಾಧ್ಯವಿರಲಿಲ್ಲ. ಪಿರಿಯಾಪಟ್ಟಣದಾಚೆಯ ಕೊಪ್ಪದಲ್ಲಿ ಸ್ವೆಟರ್ ಮಾರುವ ಟಿಬೆಟನ್ ಅಜ್ಜಿಯೊಬ್ಬರು ನಕ್ಕು ನಕ್ಕು ದಾರ ಮೂರು ಸಲ ಕೈಬಿಟ್ಟರು. ತಾನೇ ದೂರ ಹೊಂದಿಸಿಕೊಳ್ಳುವ ಡಿಜಿಟಲ್ ಕ್ಯಾಮೆರಾ ನಮ್ಮ ಚೀಲದಲ್ಲೇ ಇತ್ತು. ಒಮ್ಮೆ ಅದನ್ನು ನೆನಪಿಸಿದೆ. “ಅದು ದೂರ ನೋಡ್ತದೆ ಕಣವ್ವ. ಈ ದಾರ ಇಡ್ಕಂಡ್ರೆ ಇಬ್ರೂ ಸೇರಿ ಫೋಟೋ ತೆಗುದಂಗೆ” ಎಂದರು.

ಯಾವ ಊರಿಗೆ ಹೋಗಬೇಕೆಂಬುದಕ್ಕೆ ಅವರ ಬಳಿ ಲಗ್ನಪತ್ರಿಕೆಗಳಿದ್ದವು. ತಾವು ಫೋಟೋ ತೆಗೆದ ಪ್ರತಿ ಮದುವೆಯ ಪತ್ರಿಕೆಯನ್ನೂ ತಂತಿಗೆ ಚುಚ್ಚಿ ಇಟ್ಟಿದ್ದರು. ನಾವು ಅಳಿಸಿದ ಮದುವೆಗಳ ಪತ್ರಿಕೆಗಳನ್ನು ಬೇರೆ ಮಾಡಿಕೊಂಡು, ಅವುಗಳಲ್ಲಿದ್ದ ವಿಳಾಸ ಹಿಡಿದು ಹೋಗಿ, ಆ ಮನೆಯ ಹಿರಿಯರ ಫೋಟೋ ತೆಗೆದು, ಒಂದು ಪ್ರಿಂಟನ್ನು ಅವರಿಗೆ ಕೊಟ್ಟು ಬರುವುದು. ನೆಗೆಟಿವ್ ನಮ್ಮ ಟ್ರಂಕಿಗೆ. ರೀಲಿನಲ್ಲಿ ಫೋಟೋ ತೆಗೀತಾರಂತೆ ಎಂಬ ಸುದ್ದಿ ಕೇಳಿ ಕೆಲವು ಹುಡುಗಿಯರು ಮೊಬೈಲಿನ ರೀಲ್ಸ್ ಎಂದುಕೊಂಡು ಹಾಡು ಹಾಕಿಕೊಂಡು ತಯಾರಾಗಿ ನಿಂತದ್ದೂ ಉಂಟು.

ಸಾಲಿಗ್ರಾಮದ ಹತ್ತಿರದ ಒಂದು ಮನೆಯನ್ನು ನಾನು ಮರೆಯುವ ಹಾಗಿಲ್ಲ. ಆ ಮನೆಯ ಅಜ್ಜಿಗೆ ಎಂಬತ್ತರ ಮೇಲಾಗಿತ್ತು. ಮೊಮ್ಮಗನ ಮದುವೆಯ ಆಲ್ಬಮ್ ತಂದು ನಮ್ಮ ಮುಂದೆ ಬಿಚ್ಚಿ, ಒಂದು ಫೋಟೋಗೆ ಬೆರಳಿಟ್ಟು, “ಈಯಮ್ಮ ಯಾರು ಅಂತ ನಮ್ಮನೇಲಿ ಯಾರ್ಗೂ ಗೊತ್ತಿಲ್ಲ ಕಣಪ್ಪ. ಗಂಡಿನ ಮಗ್ಗುಲಲ್ಲೇ ನಿಂತವ್ಳೆ” ಎಂದಿತು. ಅದು ಆ ಅಜ್ಜಿಯೇ. ಸುಕ್ಕು ಒಂದೂ ಇಲ್ಲದೆ, ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗೆ. ಹಣೆಯ ಮೇಲಿನ ಹಚ್ಚೆಯನ್ನೂ ಕಲೆ ಎಂದು ತಿಳಿದು ಒರೆಸಿಹಾಕಿದ್ದೆ.

“ಅದು ನೀವೇ ಅಜ್ಜಿ. ಬೆಳ್ಳಗೆ ಮಾಡಿದ್ದು ನಾನು” ಎಂದೆ.

ಅಜ್ಜಿ ನನ್ನನ್ನೂ ಫೋಟೋವನ್ನೂ ನೋಡಿ, “ಓಗ್ಲಿ ಬುಡು ಮಗ. ಇದ್ನ ಇಡ್ಕಂಡು ಬಂದ್ರೆ ಯಮಂಗೆ ನನ್ ಗುರ್ತು ಸಿಕ್ಕಾಕಿಲ್ಲ” ಎಂದಿತು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಎಷ್ಟು ಹಣೆಗಳನ್ನು ಹೀಗೆ ಒರೆಸಿದ್ದೇನೋ.

ಅವರು ಸಮಾಧಾನ ಹೇಳಲಿಲ್ಲ. “ಒರೆಸು ಅಂದೋನು ನಾನೇ. ಅದ್ನ ನಾನು ಮರ್ತಿಲ್ಲ” ಎಂದರು. ಹುಣಸೂರಿನಲ್ಲಿ ಬಸ್ಸಿಳಿಯುವಾಗ, “ನಾಳೆಯಿಂದ ನೀನೂ ಡಾರ್ಕ್ ರೂಮಿಗೆ ಬಾ. ಕಲ್ತುಕೋ. ನನ್ ಕಣ್ಣು ನಂಬ್ಕೊಂಡು ಇದು ನಡ್ಯಾಕಿಲ್ಲ” ಎಂದರು.

ಅಜ್ಜಿಯ ರೀಲಿನ ಫೋಟೋ ನಾನು ಹಾಕಿದ ಮೊದಲ ಪ್ರಿಂಟು. ಹದಿನಾಲ್ಕು ಹಾಳೆ ಹಾಳುಮಾಡಿ ಹದಿನೈದನೆಯದರಲ್ಲಿ ಹಚ್ಚೆ ಸರಿಯಾಗಿ ಬಂತು. ತೆಗೆದುಕೊಂಡು ಹೋಗಿ ಕೊಟ್ಟಾಗ ಅಜ್ಜಿ ಅದನ್ನು ಬೆಳಕಿಗೆ ತಿರುಗಿಸಿ, “ಊಂ. ಇದು ನಾನು” ಎಂದಿತು.

ಕಲಿಸುವಾಗ ಅವರು ತುಂಬ ಮಾತಾಡುತ್ತಿರಲಿಲ್ಲ. ಗಡಿಯಾರ ಇಟ್ಟುಕೊಳ್ಳಲು ಬಿಡಲಿಲ್ಲ, ಎಣಿಸಬೇಕು. ಹಾಳೆಯ ಮೂಲೆ ಹಿಡಿದು ತಟ್ಟೆಯನ್ನು ತೊಟ್ಟಿಲಿನ ಹಾಗೆ ತೂಗಬೇಕು. ಅವಸರಕ್ಕೆ ಎತ್ತಿದರೆ, “ಅನ್ನ ಬೇಯೋಕೆ ಮುಂಚೆ ಮುಚ್ಚಳ ತೆಗೀತೀಯಾ?” ಎಂದು ರೇಗುತ್ತಿದ್ದರು. ಒಂದು ಹಾಳೆ ಕೆಟ್ಟರೆ ಏನೂ ಅನ್ನುತ್ತಿರಲಿಲ್ಲ. ಕೆಟ್ಟದ್ದನ್ನು ನಾನು ಮುಚ್ಚಿಟ್ಟರೆ ಮಾತ್ರ ಅವತ್ತೆಲ್ಲ ಮುಖ ತಿರುಗಿಸಿಕೊಂಡಿರುತ್ತಿದ್ದರು. ಕಂಪ್ಯೂಟರಿನಲ್ಲಿ ನಾನು ತಿದ್ದಿ ತಿದ್ದಿ ಮುಖಗಳನ್ನು ಮರೆತಿದ್ದೆ. ಕೆಂಪು ದೀಪದಲ್ಲಿ ಒಂದೊಂದು ಮುಖಕ್ಕೂ ಎರಡು ನಿಮಿಷ ಕಾದು ಕಾದು, ಯಾವ ಹಳ್ಳಿಯ ಯಾವ ಜಗಲಿಯಲ್ಲಿ ಕುಳಿತವರು ಎಂದು ಈಗಲೂ ಹೇಳಬಲ್ಲೆ.

ಮೂರು ವರ್ಷದಲ್ಲಿ ಲಗ್ನಪತ್ರಿಕೆಯ ತಂತಿ ಮುಕ್ಕಾಲು ಖಾಲಿಯಾಯಿತು. ಕೆಲವು ಮನೆಗಳಿಗೆ ನಾವು ಹೋಗುವಷ್ಟರಲ್ಲಿ ಹಿರಿಯರು ಹೋಗಿಬಿಟ್ಟಿದ್ದರು. ಅಂಥಲ್ಲಿ ಅವರು ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಇದ್ದವರ ಫೋಟೋ ತೆಗೆದು ಬರುತ್ತಿದ್ದರು. ಆ ಹೊತ್ತಿಗೆ ಬಲಗಣ್ಣಿಗೂ ಬೆಳಕು ಯಾವ ಕಡೆ ಎಂಬುದಷ್ಟೇ ತಿಳಿಯುತ್ತಿತ್ತು. ಒಂದು ದಿನ ತಾವಾಗಿಯೇ ಕ್ಯಾಮೆರಾದ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿದರು. ದೊಡ್ಡ ಮಾತೇನೂ ಆಡಲಿಲ್ಲ. “ಭಾರ ಅದೆ, ಕತ್ತು ನೋಯ್ತದೆ. ಒಸಿ ಎಣ್ಣೆ ಅಚ್ಕೋ” ಎಂದರು.

ನನ್ನದೇ ಎಂದು ನಾನು ತೆಗೆದ ಮೊದಲ ಫೋಟೋ ನಮ್ಮ ಊರಿನಲ್ಲೇ ಆಯಿತು. ಹೊಗೆಸೊಪ್ಪು ಬೇಯಿಸುವ ಕಾಲ. ಬಿಸಿಗಾಳಿಯಲ್ಲಿ ಸೊಪ್ಪು ಒಣಗಿಸುವ ನಮ್ಮ ಬ್ಯಾರನ್ ಮನೆಯ ಮುಂದೆ ಚಪ್ಪರದಡಿ ಕೂತು ಹೆಂಗಸರು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಅವರಲ್ಲಿ ಒಬ್ಬಾಕೆ ಇಪ್ಪತ್ತು ವರ್ಷದಿಂದ ನಮ್ಮಲ್ಲಿಗೆ ಬರುತ್ತಿದ್ದವಳು. ಸೊಪ್ಪಿನ ಅಂಟು ಹಿಡಿದು ಅಂಗೈ, ಬೆರಳು ಟಾರು ಬಳಿದ ಹಾಗೆ ಕಪ್ಪಾಗಿದ್ದವು. ಫೋಟೋ ಎಂದ ಕೂಡಲೇ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಕೈ ತೊಳ್ಕೊಂಡು ಬತ್ತೀನಿ ತಡಿ ಅಕ್ಕಾ” ಎಂದಳು.

“ಬೇಡ ಕಣೆ. ಅಂಗೇ ತೊಡೆ ಮೇಲೆ ಇಟ್ಕೊ.”

“ಥೂ, ಈ ಮಸಿ ಕೈಯಾ?”

“ನನ್ ಕೈ ನೋಡು” ಎಂದು ತೋರಿಸಿದೆ. ಬೆಳಗ್ಗೆಯಿಂದ ನಾನೂ ಅವಳ ಪಕ್ಕದಲ್ಲೇ ಸೊಪ್ಪು ಕಟ್ಟಿದ್ದೆ. ಅವಳು ನಕ್ಕು ಸೆರಗು ಬಿಟ್ಟಳು. ಎರಡು ಕೈಗಳನ್ನೂ ಮೊಣಕಾಲ ಮೇಲೆ ಬಿಚ್ಚಿಟ್ಟು ಕ್ಯಾಮೆರಾವನ್ನು ನೇರವಾಗಿ ನೋಡಿದಳು. ಒಂದೇ ಒಂದು ಚೌಕ.

ಮಂಗಳವಾರ ಮಧ್ಯಾಹ್ನ ಅದನ್ನು ಪ್ರಿಂಟ್ ಹಾಕಲು ಡಾರ್ಕ್ ರೂಮಿಗೆ ಹೋದೆ. ಅವರೂ ಬಂದು ಗೋಡೆಗೊರಗಿ ನಿಂತರು. ಕೆಂಪು ದೀಪವಿದ್ದರೂ ಇಲ್ಲದಿದ್ದರೂ ಅವರಿಗೆ ಅಷ್ಟೇ. ಹಾಳೆಯನ್ನು ಡೆವಲಪರಿಗೆ ಬಿಟ್ಟು ತಟ್ಟೆಯನ್ನು ತೂಗತೊಡಗಿದೆ. ಅವರು ಮೆಲ್ಲಗೆ ಎಣಿಸುತ್ತಿದ್ದರು. ಇಪ್ಪತ್ತು ದಾಟಿದ ಮೇಲೆ ಕೇಳಿದರು.

“ಏನ್ ಬಂತು ಮೊದ್ಲು?”

“ಕೈ ಸಾರ್.”

“ಕೈಯಾ? ಮುಖ ಅಲ್ವಾ?”

“ಇಲ್ಲ ಸಾರ್. ಕೈಯೇ. ಎರಡೂ ಬಂದವು. ಬೆರಳಿನ ಸಂದಿಯಲ್ಲಿ ಅಂಟು ಕಾಣ್ತಾ ಇದೆ. ಈಗ ಕೂದಲು ಬಂತು. ಕಣ್ಣು ಬಂತು. ಕೆನ್ನೆ ಇನ್ನೂ ಬರ್ತಾ ಇದೆ. ಸ್ವಲ್ಪ ಕಪ್ಪಗೇ ಬರ್ತಾಳೆ, ಇರೋದೇ ಹಂಗೆ.”

ಅವರು ಎಣಿಸುವುದನ್ನು ನಿಲ್ಲಿಸಿ ನನ್ನ ಮಾತನ್ನೇ ಕೇಳುತ್ತಿದ್ದರು. ತಟ್ಟೆಯಲ್ಲಿ ಅವಳು ಪೂರ್ತಿ ಬಂದಿದ್ದಳು. ನಾನು ಹಾಳೆಯನ್ನು ಎತ್ತಿ ಹೈಪೋಗೆ ಬಿಟ್ಟೆ.

“ಅಂಗಾರೆ ನೀನು ನೋಡಿದ್ದೀಯ ಬುಡು” ಎಂದರು ಅವರು. ಕತ್ತಲಿನಲ್ಲಿ ಕೈಚಾಚಿ ಹಾಳೆಗಳ ಡಬ್ಬಿ ಹುಡುಕಿ ನನ್ನ ಕಡೆ ತಳ್ಳಿದರು. “ಇನ್ನೊಂದ್ ಹಾಕು. ಆಯಮ್ಮಂಗೂ ಒಂದ್ ಕೊಡ್ಬೇಕಲ್ಲ.”